ಮತದಾರರ ಪಟ್ಟಿಯಲ್ಲಿ ಹೆಣ್ಣಿನ ಹೆಸರು

ಚುನಾವಣೆ ಬಂದಿತೆಂದರೆ ನಮ್ಮಂಥ ಉಪಾಧ್ಯಾಯರಿಗೆ ಪಾಠದ ಪುಸ್ತಕವನ್ನು ಬದಿಗಿಟ್ಟು ಮತದಾರರ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಕಾಲ ಬಂದಿತೆಂದೇ ಅರ್ಥ. ಮತಗಟ್ಟೆಯಲ್ಲಿ ಮೊದಲ ಮೇಜಿನವರಿಗೆ ಒಂದು ಕರ್ತವ್ಯವುಂಟು. ಬಂದವರ ಕ್ರಮಸಂಖ್ಯೆಯನ್ನೂ ಹೆಸರನ್ನೂ ಅಲ್ಲಿ ಕುಳಿತಿರುವ ಏಜೆಂಟರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಬೇಕು. ಒಮ್ಮೆ ಆ ಮೇಜು ನನ್ನ ಪಾಲಿಗೆ ಬಂದಿತ್ತು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಬಂದರು. ನಾನು ಹೆಸರು ಓದಿದೆ. ಮೊಮ್ಮಗಳು ಕಣ್ಣರಳಿಸಿ, "ಅಜ್ಜಿ, ಇದು ನಿನ್ನ ಹೆಸರಾ?" ಎಂದಳು. ಮನೆಯಲ್ಲಿ ಆಕೆ ಅಮ್ಮ, ಅತ್ತೆ, ಅಜ್ಜಿ. ಬೀದಿಯಲ್ಲಿ ಇಂಥವರ ಮನೆಯಾಕೆ. ಹೆಸರಿಟ್ಟು ಕರೆಯುತ್ತಿದ್ದ ತೌರಿನ ಹಿರಿಯರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅಜ್ಜಿ ನಕ್ಕು, "ಹೂಂ ಕಣವ್ವ, ಸರ್ಕಾರದೋರಿಗಾದ್ರೂ ನೆನಪೈತೆ" ಎಂದರು. ಏಜೆಂಟರು ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ನಿಂತಿತು.

ಸರ್ಕಾರದ ಪಟ್ಟಿಯಲ್ಲಿ ಹೆಣ್ಣೊಬ್ಬಳ ಹೆಸರು, ಅದೂ ಅವಳದೇ ಹೆಸರು, ಇರುವುದು ಇಂದು ನಮಗೆ ಸೋಜಿಗವಲ್ಲ. ಆದರೆ ಅದು ತಾನಾಗಿ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ದೇಶಗಳ ಹೆಂಗಸರು ಅದಕ್ಕಾಗಿ ದುಡಿದರು. ಅವರಲ್ಲಿ ಬಹುಮಂದಿ ಫಲವನ್ನು ಕಾಣದೆಯೇ ಕಣ್ಣುಮುಚ್ಚಿದರು. ಹೀಗೆ ದುಡಿದವರಲ್ಲಿ ಅಮೆರಿಕದ ಲೂಸಿ ಸ್ಟೋನ್ ಎಂಬಾಕೆಯ ಕಥೆ ಈ ಹೆಸರಿನ ವಿಷಯಕ್ಕೆ ಬಹಳ ಹತ್ತಿರದ್ದು. ಮತಕ್ಕಾಗಿ ನಲವತ್ತು ವರ್ಷಗಳಿಗೂ ಮೀರಿ ಹೋರಾಡಿದ ಈಕೆಗೆ ಮತ ಹಾಕುವ ಅವಕಾಶ ಒಂದೇ ಒಂದು ಸಲ ಬಾಗಿಲ ಬಳಿಗೆ ಬಂದಿತ್ತು. ಆಗ ಆಕೆ ಅದನ್ನು ಏಕೆ ಬಿಟ್ಟುಕೊಟ್ಟರು ಎಂಬುದನ್ನು ತಿಳಿಯಬೇಕಾದರೆ ಕಥೆಯನ್ನು ಮೊದಲಿನಿಂದ ಹೇಳಬೇಕು.

ಹೊಲದ ಮನೆಯ ಹುಡುಗಿ

ಲೂಸಿ ಹುಟ್ಟಿದ್ದು 1818ರ ಆಗಸ್ಟ್ 13ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ವೆಸ್ಟ್ ಬ್ರೂಕ್‌ಫೀಲ್ಡ್ ಎಂಬ ಊರಿನ ಒಕ್ಕಲು ಮನೆಯಲ್ಲಿ. ಒಂಬತ್ತು ಮಕ್ಕಳಲ್ಲಿ ಎಂಟನೆಯವಳು. ಹೆರಿಗೆಯ ಹಿಂದಿನ ರಾತ್ರಿಯೂ ತಾಯಿ ಎಂಟು ಹಸುಗಳ ಹಾಲು ಕರೆದಿದ್ದಳಂತೆ. ಹುಟ್ಟಿದ್ದು ಹೆಣ್ಣು ಎಂದು ಕೇಳಿದಾಗ, ಹೆಣ್ಣಿನ ಬಾಳು ಬಲು ಕಷ್ಟವೆಂದು ಆಕೆ ಮರುಗಿದಳೆಂದು ಆ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಇದು ನಮ್ಮ ನಾಡಿನ ಮಾತಿನಂತೆಯೇ ಕೇಳಿಸುತ್ತದೆ, ಅಲ್ಲವೆ?

ಹುಡುಗಿ ಬೈಬಲ್ ಓದುತ್ತಿದ್ದಾಗ, ಗಂಡನು ಹೆಂಡತಿಯನ್ನು ಆಳುವನೆಂಬ ಅರ್ಥದ ವಾಕ್ಯವೊಂದು ಅವಳ ಕಣ್ಣಿಗೆ ಬಿತ್ತು. ಮನಸ್ಸಿಗೆ ಆದ ನೋವು ಅಷ್ಟಿಷ್ಟಲ್ಲ. ಆದರೆ ಅತ್ತು ಸುಮ್ಮನಾಗುವ ಸ್ವಭಾವ ಅವಳದಲ್ಲ. ಇದು ದೇವರ ಮಾತೋ, ಭಾಷಾಂತರ ಮಾಡಿದ ಗಂಡಸರ ಮಾತೋ ನೋಡಿಯೇ ಬಿಡಬೇಕು. ಅದಕ್ಕಾಗಿ ಗ್ರೀಕ್ ಮತ್ತು ಹೀಬ್ರೂ ಭಾಷೆಗಳನ್ನು ಕಲಿತು ಮೂಲವನ್ನೇ ಓದಬೇಕು ಎಂದು ನಿಶ್ಚಯಿಸಿದಳು. ಟೀಕೆ ತಾತ್ಪರ್ಯಗಳನ್ನು ನಂಬಿ ಕೂರದೆ ಮೂಲವನ್ನು ನೋಡು ಎಂದು ನಮ್ಮ ಪಂಡಿತ ತರಗತಿಯ ಗುರುಗಳು ನಮಗೂ ಹೇಳುತ್ತಿದ್ದರು. ಈ ಹುಡುಗಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಅಣ್ಣಂದಿರನ್ನು ಕಾಲೇಜಿಗೆ ಕಳಿಸಿದ ತಂದೆಗೆ ಮಗಳ ಓದು ಬೇಡದ ಖರ್ಚಾಗಿ ಕಂಡಿತು. ಲೂಸಿ ಹದಿನಾರನೆಯ ವಯಸ್ಸಿಗೇ ಶಾಲೆಯಲ್ಲಿ ಪಾಠ ಹೇಳಲು ನಿಂತಳು. ಒಂದು ಚಳಿಗಾಲ ಅಣ್ಣನ ಬದಲಿಗೆ ಅದೇ ಮಕ್ಕಳಿಗೆ ಅದೇ ಪಾಠವನ್ನು ಹೇಳಿದಾಗಲೂ ಸಂಬಳ ಅಣ್ಣನಿಗಿಂತ ಕಡಿಮೆ. ಕೇಳಿದ್ದಕ್ಕೆ, ಹೆಂಗಸಿನ ಸಂಬಳವೇ ಇಷ್ಟು ಎಂಬ ಉತ್ತರ ಬಂದಿತು. ಹೀಗೆ ಕಾಸು ಕಾಸು ಕೂಡಿಟ್ಟು, 1843ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಓಹಾಯೋ ಸಂಸ್ಥಾನದ ಓಬರ್ಲಿನ್ ಕಾಲೇಜಿಗೆ ಸೇರಿದಳು. ಕರಿಯರನ್ನೂ ಹೆಂಗಸರನ್ನೂ ಸೇರಿಸಿಕೊಂಡು ಪದವಿ ಕೊಡುತ್ತಿದ್ದ ಅಪರೂಪದ ವಿದ್ಯಾಶಾಲೆ ಅದು. ಬಿಡುವಿನ ವೇಳೆಯಲ್ಲಿ ಪಾಠ ಹೇಳುವುದು, ವಸತಿಗೃಹದಲ್ಲಿ ಗಂಟೆಗೆ ಮೂರು ಸೆಂಟಿನಂತೆ ಮನೆಗೆಲಸ ಮಾಡುವುದು. ಉಳಿದ ಹೊತ್ತಿನಲ್ಲಿ ಓದು.

ಆದರೆ ಅಂಥ ಕಾಲೇಜಿನಲ್ಲಿಯೂ ಹೆಣ್ಣು ಸಭೆಯಲ್ಲಿ ಬಾಯಿ ತೆರೆಯುವಂತಿರಲಿಲ್ಲ. 1847ರಲ್ಲಿ ಪದವಿ ಪಡೆಯುವಾಗ, ಆಕೆ ಪ್ರಬಂಧ ಬರೆದುಕೊಡಲಿ, ಗಂಡಸರೊಬ್ಬರು ಅದನ್ನು ಸಭೆಯಲ್ಲಿ ಓದುತ್ತಾರೆ ಎಂದರು. ಹಾಗಾದರೆ ಬರೆಯುವುದೇ ಇಲ್ಲ ಎಂದರು ಲೂಸಿ ಸ್ಟೋನ್. ಮ್ಯಾಸಚೂಸೆಟ್ಸ್‌ನ ಹೆಂಗಸರಲ್ಲಿ ಕಾಲೇಜಿನ ಪದವಿ ಪಡೆದ ಮೊದಲಿಗರು ಆಕೆಯೇ.

ಬೇರೆಯವರ ಸಂಕೋಲೆ, ತಮ್ಮ ಸಂಕೋಲೆ

ಮತದ ಹಕ್ಕಿಗಾಗಿ ಹೋರಾಡಿದ ಈ ಹೆಂಗಸರಲ್ಲಿ ಬಹುಮಂದಿ ಮೊದಲು ಹೊರಟದ್ದು ಮತ ಕೇಳುವುದಕ್ಕಲ್ಲ, ಇತರರ ಕಷ್ಟ ಪರಿಹಾರಕ್ಕೆ. ಆಗ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯ ಜನರನ್ನು ದನಗಳಂತೆ ಕೊಂಡು ಮಾರುವ ಗುಲಾಮಗಿರಿ ನಡೆಯುತ್ತಿತ್ತು. ಅದನ್ನು ಅಳಿಸಬೇಕೆಂಬ ಚಳವಳಿಗೆ ಉತ್ತರದ ಹೆಂಗಸರು ಸಾವಿರ ಸಾವಿರವಾಗಿ ಸೇರಿದರು. ಸಹಿ ಕೂಡಿಸಿದರು, ಹಣ ಎತ್ತಿದರು. 1840ರಲ್ಲಿ ಲಂಡನ್ನಿನಲ್ಲಿ ಗುಲಾಮಗಿರಿ ವಿರೋಧಿಗಳ ಲೋಕಸಮ್ಮೇಳನ ಸೇರಿತು. ಅಮೆರಿಕದಿಂದ ಪ್ರತಿನಿಧಿಗಳಾಗಿ ಹೋಗಿದ್ದ ಹೆಂಗಸರನ್ನು, ಹೆಂಗಸರೆಂಬ ಕಾರಣದಿಂದಲೇ, ಪ್ರತಿನಿಧಿಗಳ ಸಾಲಿನಲ್ಲಿ ಕೂಡಿಸಲಿಲ್ಲ. ಮನುಷ್ಯರೆಲ್ಲ ಸಮಾನರೆಂದು ಸಾರಲು ಕೂಡಿದ ಸಭೆಯಲ್ಲಿಯೇ ಹೀಗಾಯಿತು! ಅಲ್ಲಿ ಪರಸ್ಪರ ಪರಿಚಯವಾದ ಇಬ್ಬರು, ಲುಕ್ರೀಷಿಯಾ ಮಾಟ್ ಮತ್ತು ಎಲಿಜಬೆತ್ ಕೇಡಿ ಸ್ಟ್ಯಾಂಟನ್, ಎಂಟು ವರ್ಷಗಳ ಬಳಿಕ, 1848ರ ಜುಲೈ 19 ಮತ್ತು 20ರಂದು ನ್ಯೂಯಾರ್ಕ್ ಸಂಸ್ಥಾನದ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಹೆಣ್ಣಿನ ಹಕ್ಕುಗಳ ಸಭೆಯನ್ನು ಕರೆದರು. ಸುಮಾರು ಮುನ್ನೂರು ಜನ ಸೇರಿದ್ದರು. ಅಲ್ಲಿನ ಘೋಷಣೆಗೆ ನೂರು ಜನ ಸಹಿ ಹಾಕಿದರು. ಹೆಂಗಸರು 68, ಗಂಡಸರು 32. ಉಳಿದ ನಿರ್ಣಯಗಳೆಲ್ಲ ಸರ್ವಾನುಮತದಿಂದ ಆದವು. ಮತದ ಹಕ್ಕಿನ ನಿರ್ಣಯಕ್ಕೆ ಮಾತ್ರ ಸಭಿಕರು ಅಳುಕಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಹೆಸರಾಂತ ವಾಗ್ಮಿಯಾಗಿದ್ದ ಫ್ರೆಡರಿಕ್ ಡಗ್ಲಾಸ್ ಎದ್ದು ನಿಂತು ಬೆಂಬಲಿಸಿದ ಮೇಲೆ ಅದು ಹಾಗೂ ಹೀಗೂ ಅಂಗೀಕಾರವಾಯಿತು.

ಅದೇ 1848ರಲ್ಲಿ ಲೂಸಿ ಸ್ಟೋನ್ ಗುಲಾಮಗಿರಿ ವಿರೋಧಿ ಸಂಘದ ಭಾಷಣಕಾರರಾಗಿ ಊರೂರು ಸುತ್ತತೊಡಗಿದರು. ಕರಿಯರ ಸಂಕೋಲೆಯನ್ನು ಕುರಿತು ಮಾತನಾಡುತ್ತ ಹೆಣ್ಣಿನ ಸಂಕೋಲೆಯನ್ನೂ ಪ್ರಸ್ತಾಪಿಸಿಬಿಡುತ್ತಿದ್ದರು. ಸಂಘದವರು ಆಕ್ಷೇಪಿಸಿದಾಗ ಆಕೆ ಕೊಟ್ಟ ಉತ್ತರ, ಗುಲಾಮಗಿರಿಯ ವಿರೋಧಿಯಾಗುವ ಮೊದಲೇ ನಾನು ಹೆಣ್ಣಾಗಿದ್ದೆನಲ್ಲ ಎಂಬುದು. ಕೊನೆಗೆ ಒಂದು ಒಪ್ಪಂದವಾಯಿತು: ವಾರದ ಕೊನೆಯ ದಿನಗಳಲ್ಲಿ ಸಂಘದ ಭಾಷಣ, ಉಳಿದ ದಿನಗಳಲ್ಲಿ ಸ್ವಂತ ಜವಾಬ್ದಾರಿಯ ಮೇಲೆ ಹೆಣ್ಣಿನ ಹಕ್ಕುಗಳ ಭಾಷಣ. ಆಕೆ ಸಣ್ಣ ದೇಹದವರು. ದನಿಯಂತೂ ಬಹು ಇಂಪು. ಆದರೂ ಕೇಳಲು ಬಂದವರೆಲ್ಲ ಕೇಳುವ ಮನಸ್ಸಿನಿಂದಲೇ ಬರುತ್ತಿರಲಿಲ್ಲ. ಒಮ್ಮೆ ಚಳಿಗಾಲದಲ್ಲಿ ಕಿಟಕಿಯಿಂದ ಕೊಳವೆ ತೂರಿಸಿ ಆಕೆಯ ಮೇಲೆ ತಣ್ಣೀರು ಬಿಟ್ಟರಂತೆ. ಆಕೆ ಶಾಲು ಹೊದ್ದುಕೊಂಡು ಮಾತು ಮುಂದುವರಿಸಿದರೆಂದು ಮಗಳು ಆಲಿಸ್ 1930ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಿಂದ ತಿಳಿಯುತ್ತದೆ.

ಪಾನನಿರೋಧದ ಚಳವಳಿಯೂ ಇದೇ ದಾರಿಗೆ ಬಂದು ಕೂಡಿತು. ಅಂದಿನ ಕಾನೂನಿನಂತೆ, ಮದುವೆಯಾದ ಹೆಣ್ಣಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ. ಅವಳು ದುಡಿದ ಕೂಲಿ ಗಂಡನದು, ತೌರಿನಿಂದ ತಂದ ಒಡವೆ ವಸ್ತು ಗಂಡನದು, ಹೆತ್ತ ಮಕ್ಕಳ ಮೇಲಿನ ಅಧಿಕಾರವೂ ಗಂಡನದೇ. ಗಂಡ ಒಳ್ಳೆಯವನಾದರೆ ಕಾನೂನು ಹೇಗಿದ್ದರೂ ಸಂಸಾರ ನಡೆಯುತ್ತದೆ. ಕುಡುಕನಾದರೆ? ಹೆಂಡತಿ ಬಟ್ಟೆ ಒಗೆದು ತಂದ ಕೂಲಿಯನ್ನು ಅವನು ಹೆಂಡದ ಅಂಗಡಿಗೆ ಸುರಿದರೂ ಕೇಳುವ ಹಕ್ಕು ಅವಳಿಗಿರಲಿಲ್ಲ. ಆದ್ದರಿಂದ ಹೆಂಗಸರು ಹೆಂಡದಂಗಡಿ ಮುಚ್ಚಿಸಲು ಹೊರಟರು. ಅದಕ್ಕೆ ಕಾನೂನು ಬೇಕಾಯಿತು. ಕಾನೂನು ಮಾಡುವವರ ಬಳಿಗೆ ಹೋದರು. ಅವರನ್ನು ಆರಿಸುವವರ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. ಆದ್ದರಿಂದ ಇವರ ಮಾತಿಗೆ ತೂಕವೂ ಇರಲಿಲ್ಲ. ಗುಲಾಮರ ಬಿಡುಗಡೆ, ಪಾನನಿರೋಧ, ಹೆಣ್ಣಿನ ಆಸ್ತಿ, ಕೂಲಿ ಯಾವ ದಾರಿ ಹಿಡಿದು ಹೋದರೂ ಕೊನೆಗೆ ಅದೇ ಮುಚ್ಚಿದ ಬಾಗಿಲು. ಹೀಗೆ ಮತದ ಹಕ್ಕು ಉಳಿದ ಬೇಡಿಕೆಗಳಲ್ಲಿ ಒಂದಾಗಿ ಉಳಿಯದೆ, ಎಲ್ಲಕ್ಕೂ ಬೀಗದ ಕೈಯಾಯಿತು.

ಮದುವೆ ಮತ್ತು ಹೆಸರು

ಇಂಥ ಕಾನೂನನ್ನು ಬಲ್ಲ ಲೂಸಿ ಸ್ಟೋನ್ ಮದುವೆಯೇ ಬೇಡವೆಂದಿದ್ದರು. ಹೆನ್ರಿ ಬ್ಲ್ಯಾಕ್‌ವೆಲ್ ಎಂಬ ಸುಧಾರಕ ಮನಸ್ಸಿನ ವ್ಯಾಪಾರಿ ಎರಡು ವರ್ಷ ಬೆನ್ನುಬಿಡದೆ ಒಪ್ಪಿಸಿದರು. 1855ರ ಮೇ 1ರಂದು ಮದುವೆಯಾಯಿತು. ಆ ಮದುವೆಯಲ್ಲಿ ಒಂದು ವಿಶೇಷ. ಮಂತ್ರವಿಧಿಗೆ ಮುನ್ನ ವಧೂವರರಿಬ್ಬರೂ ಕೂಡಿ ಬರೆದ ಪ್ರತಿಭಟನೆಯೊಂದನ್ನು ಓದಲಾಯಿತು. ಹೆಂಡತಿಯ ದೇಹ, ದುಡಿಮೆ, ಆಸ್ತಿ, ಮಕ್ಕಳ ಮೇಲೆ ಕಾನೂನು ಗಂಡನಿಗೆ ಕೊಟ್ಟಿರುವ ಅಧಿಕಾರವನ್ನು ತಾವು ಅನ್ಯಾಯವೆಂದು ತಿಳಿದಿರುವುದಾಗಿಯೂ ಅದನ್ನು ತಾವು ಬಳಸುವುದಿಲ್ಲವೆಂದೂ ಅದರ ಸಾರಾಂಶ. ಮದುವೆ ಮಾಡಿಸಿದ ಪಾದ್ರಿ ಹಿಗಿನ್ಸನ್ ಅದನ್ನು ಪತ್ರಿಕೆಗಳಲ್ಲಿಯೂ ಅಚ್ಚು ಹಾಕಿಸಿದರು.

ಮದುವೆಯ ಮರುವರ್ಷ ಆಕೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ತನ್ನ ಹೆಸರು ಲೂಸಿ ಸ್ಟೋನ್ ಎಂದೇ ಉಳಿಯುವುದು, ಬ್ಲ್ಯಾಕ್‌ವೆಲ್ ಎಂದು ಬದಲಾಗುವುದಿಲ್ಲ ಎಂದು ಸಾರಿದರು. ಗಂಡನ ಮೇಲಿನ ಅಸಮಾಧಾನದಿಂದಲ್ಲ. ಹೆನ್ರಿ ಆಕೆಯ ಕೆಲಸದಲ್ಲಿ ಕಡೆಯವರೆಗೂ ಹೆಗಲೆಣೆಯಾಗಿದ್ದರು. ಆಕೆಯ ವಾದ ಇಷ್ಟೆ: ಮದುವೆಯಾದ ಗಂಡಸು ತನ್ನ ಹೆಸರನ್ನು ಕಳೆದುಕೊಳ್ಳುವುದಿಲ್ಲ, ಹೆಣ್ಣು ಏಕೆ ಕಳೆದುಕೊಳ್ಳಬೇಕು? ನಮ್ಮಲ್ಲಿ ಇದು ಅಷ್ಟು ದೊಡ್ಡ ಮಾತಾಗಿ ಕಾಣದಿರಬಹುದು. ಆ ನಾಡಿನಲ್ಲಾದರೋ ಅದು ಹುಚ್ಚೆಂದು ಕಂಡಿತು. ಎಷ್ಟೆಂದರೆ, ಮದುವೆಯ ಬಳಿಕ ತೌರಿನ ಹೆಸರನ್ನೇ ಉಳಿಸಿಕೊಂಡ ಹೆಣ್ಣನ್ನು 'ಲೂಸಿ ಸ್ಟೋನರ್' ಎಂದು ಕರೆಯುವುದು ಮುಂದೆ ವಾಡಿಕೆಯಾಗಿಬಿಟ್ಟಿತು.

1857ರ ಕೊನೆಯಲ್ಲಿ, ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿದ್ದಾಗ, ಮನೆಗಂದಾಯದ ಚೀಟಿ ಬಂದಿತು. ಮನೆ ಆಕೆಯ ಹೆಸರಿನಲ್ಲಿತ್ತು. ಕಂದಾಯ ಕೊಡುವವರ ಪಟ್ಟಿಯಲ್ಲಿ ಹೆಣ್ಣಿನ ಹೆಸರು ಇರಬಹುದಾದರೆ ಮತ ಹಾಕುವವರ ಪಟ್ಟಿಯಲ್ಲಿ ಏಕಿರಬಾರದು ಎಂದು ಕೇಳಿ, ಆಕೆ ಚೀಟಿಯನ್ನು ಹಿಂದಿರುಗಿಸಿದರು. 1858ರ ಜನವರಿಯಲ್ಲಿ ಮನೆಯ ಸಾಮಾನುಗಳನ್ನು ಹರಾಜು ಹಾಕಿದರು. ಆಗ ಮಗಳು ಆಲಿಸ್ ನಾಲ್ಕು ತಿಂಗಳ ಕೂಸು.

ಗೆಳತಿಯರ ನಡುವೆ ಬಿರುಕು

ಎಲ್ಲ ಚಳವಳಿಗಳಿಗೂ ಬರುವ ಕೆಟ್ಟ ಗಳಿಗೆ ಇದಕ್ಕೂ ಬಂದಿತು. ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ಅಳಿಯಿತು. ಬಿಡುಗಡೆಯಾದ ಕರಿಯ ಗಂಡಸರಿಗೆ ಮತ ಕೊಡಲು ಸಂವಿಧಾನವನ್ನು ತಿದ್ದುವ ಮಾತು ಬಂದಾಗ ಹೆಂಗಸರನ್ನು ಹೊರಗಿಟ್ಟರು. ಇದನ್ನು ಒಪ್ಪಬೇಕೆ, ಎದುರಿಸಬೇಕೆ? ಸ್ಟ್ಯಾಂಟನ್ ಮತ್ತು ಆಕೆಯ ಜೊತೆಗಾತಿ ಸೂಸನ್ ಬಿ. ಆಂಟನಿ ಎದುರಿಸಿದರು. ಆ ಬಿಸಿಯಲ್ಲಿ ಸ್ಟ್ಯಾಂಟನ್ ಕರಿಯರನ್ನು ಕುರಿತು ಹೀನಾಯವಾದ ಮಾತುಗಳನ್ನೂ ಆಡಿದರು. ಆಕೆಯ ದೊಡ್ಡ ಹೆಸರಿಗೆ ಅದು ಕಳಂಕವಾಗಿ ಉಳಿಯಿತು. ಲೂಸಿ ಸ್ಟೋನ್ ಹಾಗೆ ಮಾಡಲಿಲ್ಲ. ತಮಗೆ ದೊರೆಯದಿದ್ದರೂ ಮತ್ತೊಬ್ಬರಿಗೆ ದೊರೆಯುವುದನ್ನು ತಡೆಯಬಾರದೆಂದು ಆಕೆಯ ನಿಲುವು. 1869ರಲ್ಲಿ ಚಳವಳಿ ಎರಡು ಸಂಘಗಳಾಗಿ ಒಡೆಯಿತು. ಒಂದಾಗಲು 1890ರವರೆಗೆ ಕಾಯಬೇಕಾಯಿತು. 1870ರಿಂದ ಸ್ಟೋನ್ ದಂಪತಿಗಳು ಬಾಸ್ಟನ್ನಿನಿಂದ 'ವುಮನ್ಸ್ ಜರ್ನಲ್' ಎಂಬ ವಾರಪತ್ರಿಕೆಯನ್ನು ನಡೆಸಿದರು. ಇತ್ತ ಆಂಟನಿ 1872ರಲ್ಲಿ ರಾಚೆಸ್ಟರ್ ಊರಿನಲ್ಲಿ ಧೈರ್ಯವಾಗಿ ಹೋಗಿ ಮತ ಹಾಕಿಯೇ ಬಿಟ್ಟರು. ಅದಕ್ಕಾಗಿ ಅವರನ್ನು ಬಂಧಿಸಿ, ಮರುವರ್ಷ ನೂರು ಡಾಲರು ದಂಡ ವಿಧಿಸಿದರು. ಆಕೆ ಆ ದಂಡವನ್ನು ಕೊಡಲೇ ಇಲ್ಲ.

ಬಾಗಿಲ ಬಳಿಗೆ ಬಂದ ಮತ

1879ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನ ಒಂದು ಚಿಕ್ಕ ಹಕ್ಕನ್ನು ಕೊಟ್ಟಿತು. ಶಾಲಾ ಸಮಿತಿಯ ಚುನಾವಣೆಯಲ್ಲಿ ಮಾತ್ರ ಹೆಂಗಸರು ಮತ ಹಾಕಬಹುದು. ಲೂಸಿ ಸ್ಟೋನ್‌ಗೆ ಆಗ ಅರವತ್ತೊಂದು. ಹೋಗಿ ಪಟ್ಟಿಯಲ್ಲಿ ಹೆಸರು ಬರೆಸಿದರು: ಲೂಸಿ ಸ್ಟೋನ್ ಎಂದು. ಅಧಿಕಾರಿಗಳು ಒಪ್ಪಲಿಲ್ಲ. ಗಂಡನ ಮನೆತನದ ಹೆಸರನ್ನು ಸೇರಿಸಿ ಬರೆಸಿದರೆ ಸರಿ, ಇಲ್ಲವಾದರೆ ಪಟ್ಟಿಯಿಂದ ಹೆಸರು ಹೊಡೆದುಹಾಕಲಾಗುವುದು ಎಂದರು. ಬರೆಸಬೇಕಾದದ್ದು ಒಂದೇ ಒಂದು ಪದ. ಅದನ್ನು ಬರೆಸಿದ್ದರೆ ಮೂವತ್ತು ವರ್ಷದಿಂದ ಬೇಡಿದ ಮತದ ಒಂದು ಚೂರಾದರೂ ಕೈಗೆ ಬರುತ್ತಿತ್ತು. ಆಕೆ ಬರೆಸಲಿಲ್ಲ. ಅವರು ಹೆಸರು ಹೊಡೆದರು. ಲೂಸಿ ಸ್ಟೋನ್ ತಮ್ಮ ಆಯುಷ್ಯದಲ್ಲಿ ಒಮ್ಮೆಯೂ ಮತ ಹಾಕಲಿಲ್ಲ.

ಇದು ಹಟವಲ್ಲವೆ ಎಂದು ಓದುಗರು ಕೇಳಬಹುದು. ಆ ದಿನವೂ ಹಾಗೆ ಕೇಳಿದವರು ಇದ್ದಿರಬೇಕು. ನನಗೆ ತೋರುವುದು ಬೇರೆ. ಮತವೆಂದರೆ ಕಾಗದದ ಮೇಲೆ ಒಂದು ಗುರುತು ಮಾತ್ರವಲ್ಲ. ಇಂಥ ಮನುಷ್ಯನೊಬ್ಬನಿದ್ದಾನೆ, ಅವನಿಗೆ ಸ್ವಂತ ಬುದ್ಧಿಯುಂಟು, ಅದನ್ನು ನಾವು ಕೇಳಬೇಕು ಎಂದು ರಾಜ್ಯ ಒಪ್ಪಿಕೊಳ್ಳುವುದೇ ಮತದ ಹಕ್ಕು. ಹೆಂಡತಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವಿಲ್ಲ ಎಂಬ ಕಾನೂನಿನ ವಿರುದ್ಧ ಆಕೆ ಬಾಳೆಲ್ಲ ಹೋರಾಡಿದ್ದರು. ಆ ಕಾನೂನಿನ ಮುದ್ರೆಯನ್ನೇ ಹಣೆಗೆ ಒತ್ತಿಸಿಕೊಂಡು ಮತಗಟ್ಟೆಗೆ ಹೋದರೆ ಗೆದ್ದದ್ದೇನು?

1893ರ ಸೆಪ್ಟೆಂಬರ್ 19ರಂದು, ದೂರದ ನ್ಯೂಜಿಲೆಂಡಿನಲ್ಲಿ ಹೆಂಗಸರಿಗೆ ಮತದ ಹಕ್ಕು ದೊರೆಯಿತು. ಪಾರ್ಲಿಮೆಂಟಿನ ಚುನಾವಣೆಯಲ್ಲಿ ಹೆಂಗಸರಿಗೆಲ್ಲ ಆ ಹಕ್ಕು ಕೊಟ್ಟ ಮೊದಲ ಸ್ವಯಮಾಡಳಿತದ ನಾಡು ಅದು. ಅಲ್ಲಿಯೂ ಮುಂದೆ ನಿಂತವರು ಪಾನನಿರೋಧದ ಸಂಘದವರೇ. ಮುಖ್ಯರು ಕೇಟ್ ಶೆಪರ್ಡ್. ಅದಾದ ಒಂದು ತಿಂಗಳಿಗೆ, ಅಕ್ಟೋಬರ್ 18ರಂದು, ಎಪ್ಪತ್ತೈದು ವರ್ಷದ ಲೂಸಿ ಸ್ಟೋನ್ ಬಾಸ್ಟನ್ನಿನಲ್ಲಿ ತೀರಿಕೊಂಡರು. ಲೋಕವನ್ನು ಇನ್ನಷ್ಟು ಒಳ್ಳೆಯದಾಗಿ ಮಾಡು ಎಂದು ಮಗಳಿಗೆ ಹೇಳಿದ್ದೇ ಕೊನೆಯ ಮಾತಂತೆ. ಅಮೆರಿಕದ ಸಂವಿಧಾನದ ಹತ್ತೊಂಬತ್ತನೆಯ ತಿದ್ದುಪಡಿ ಊರ್ಜಿತವಾದದ್ದು 1920ರ ಆಗಸ್ಟಿನಲ್ಲಿ. ಸೆನೆಕಾ ಫಾಲ್ಸ್ ಸಭೆಯಾಗಿ ಎಪ್ಪತ್ತೆರಡು ವರ್ಷಗಳ ಮೇಲೆ. ದಕ್ಷಿಣ ಸಂಸ್ಥಾನಗಳ ಕರಿಯ ಹೆಂಗಸರಂತೂ ತಮ್ಮ ಹಕ್ಕನ್ನು ನಿಜವಾಗಿ ಬಳಸಲು 1965ರ ಮತಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು.

ನಮ್ಮ ಪಟ್ಟಿಯ ಕಥೆ

ಈಗ ನಮ್ಮ ದೇಶಕ್ಕೆ ಬರೋಣ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯಿಡು ಅವರ ಮುಂದಾಳುತನದಲ್ಲಿ ಭಾರತದ ಹೆಂಗಸರ ನಿಯೋಗವೊಂದು ಮದರಾಸಿನಲ್ಲಿ ಮಂತ್ರಿ ಮಾಂಟೆಗು ಅವರನ್ನು ಕಂಡು ಮತದ ಹಕ್ಕನ್ನು ಕೇಳಿತು. 1921ರಲ್ಲಿ ಮದರಾಸು ಪ್ರಾಂತ ಅದನ್ನು ಕೊಟ್ಟಿತು. 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸಿನ ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪದರಲ್ಲಿ ಸೋತರು. ಆದರೆ ಆ ಹಕ್ಕು ಆಸ್ತಿಯುಳ್ಳ ಕೆಲವರಿಗೆ ಮಾತ್ರ. 1935ರ ಕಾಯಿದೆ ಅದನ್ನು ವಿಸ್ತರಿಸಿದಾಗಲೂ ಎಷ್ಟೋ ಹೆಂಗಸರು ಆಸ್ತಿವಂತರ ಹೆಂಡತಿ ಎಂಬ ಅರ್ಹತೆಯಿಂದಲೇ ಪಟ್ಟಿಗೆ ಬಂದರು.

1950ರಲ್ಲಿ ನಮ್ಮ ಸಂವಿಧಾನ ಆ ಬೇಲಿಯನ್ನೆಲ್ಲ ಕಿತ್ತುಹಾಕಿತು. ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ, ಹೆಣ್ಣಿಗೂ ಗಂಡಿಗೂ ಒಂದೇ ಬಗೆಯಲ್ಲಿ, ಮತ. ಆದರೆ 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ ಒಂದು ಎಡರು ಬಂದಿತು. ಬಿಹಾರ, ರಾಜಸ್ಥಾನ ಮೊದಲಾದ ಉತ್ತರದ ಪ್ರಾಂತಗಳಲ್ಲಿ ಎಷ್ಟೋ ಹೆಂಗಸರು ಹೊರಗಿನವರಿಗೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು, ಪಟ್ಟಿಯಲ್ಲಿ ಮತದಾರರ ಹೆಸರೇ ಇರಬೇಕು, ಸಂಬಂಧ ಹೇಳಿದರೆ ಸಾಲದು ಎಂದು ಬಿಗಿಯಾಗಿ ನಿಂತರು. ತಿದ್ದಿಕೊಳ್ಳಲು ಸಮಯ ಕೊಟ್ಟರೂ ಸುಮಾರು 28 ಲಕ್ಷ ಹೆಂಗಸರು ಹೆಸರು ಕೊಡದೆ ಪಟ್ಟಿಯಿಂದ ಬಿಟ್ಟುಹೋದರು. ಅಷ್ಟು ಜನ ಮತ ಕಳೆದುಕೊಂಡದ್ದು ಸಣ್ಣ ನಷ್ಟವಲ್ಲ. ಆದರೆ ಆ ನಷ್ಟದ ಸುದ್ದಿಯೇ ಪಾಠವಾಗಿ, ಮುಂದಿನ ಚುನಾವಣೆಯ ಹೊತ್ತಿಗೆ ಬಹುಪಾಲು ಹೆಸರುಗಳು ಪಟ್ಟಿಗೆ ಬಂದವು.

ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಗಂಡನ ಹೆಸರನ್ನು ಹೇಳಲೊಲ್ಲದೆ ತನ್ನ ಹೆಸರನ್ನೇ ಹೇಳಿದ್ದಕ್ಕೆ ಬಾಸ್ಟನ್ನಿನಲ್ಲಿ ಒಬ್ಬಾಕೆಯನ್ನು ಪಟ್ಟಿಯಿಂದ ತೆಗೆದರು. ತನ್ನ ಹೆಸರನ್ನು ಹೇಳಲೊಲ್ಲದೆ ಗಂಡನ ಹೆಸರನ್ನು ಮಾತ್ರ ಬರೆಸಿದ್ದಕ್ಕೆ ನಮ್ಮ ದೇಶದಲ್ಲಿ ಲಕ್ಷಾಂತರ ಜನರನ್ನು ತೆಗೆದರು. ಅಲ್ಲಿ ಹೆಣ್ಣು ಕೇಳಿದಳು, ರಾಜ್ಯ ಕೊಡಲಿಲ್ಲ. ಇಲ್ಲಿ ರಾಜ್ಯವೇ ಮನೆಯ ಬಾಗಿಲಿಗೆ ಬಂದು, ತಾಯಿ, ನಿನ್ನ ಹೆಸರೇನು ಎಂದು ಕೇಳಿತು. ಲೂಸಿ ಸ್ಟೋನ್ ಜೀವಮಾನವಿಡೀ ಕಾದದ್ದು ಆ ಪ್ರಶ್ನೆಗಾಗಿಯೇ.

ಇಂದು ನಮ್ಮ ಪಟ್ಟಿಯಲ್ಲಿ ಹದಿನೆಂಟು ತುಂಬಿದ ಹೆಣ್ಣುಮಕ್ಕಳ ಹೆಸರೂ ಇದೆ. ಎಂಬತ್ತು ದಾಟಿದ ಅಜ್ಜಿಯರ ಹೆಸರೂ ಇದೆ. ಆ ದಿನ ನನ್ನ ಮೇಜಿನ ಮುಂದೆ ನಿಂತ ಅಜ್ಜಿ ಬೆರಳಿಗೆ ಮಸಿ ಹಾಕಿಸಿಕೊಂಡು, ಮತ ಹಾಕಿ, ಹೊರಗೆ ಹೋದರು. ಬಾಗಿಲಲ್ಲಿ ಕಾದಿದ್ದ ಮೊಮ್ಮಗಳು ಅಜ್ಜಿಯನ್ನು ಆ ಹೊಸ ಹೆಸರಿನಿಂದಲೇ ಕೂಗಿ ಕರೆದು ನಗುತ್ತಿದ್ದಳು. ಅಜ್ಜಿ ಗದರಿಸಲಿಲ್ಲ. ಓ ಎಂದರು.